ಗುಮ್ಮಟದ ಕೆಳಗಿನ ಚಹಾ

ಹೈದರಾಬಾದಿನಲ್ಲಿ ಸಿವಿಲ್ ಇಂಜಿನಿಯರ್ ಎಂದು ಹೇಳಿಕೊಳ್ಳಲು ನಾಚಿಕೆಪಡಬೇಕಾಗಿದ್ದ ಕಾಲವೊಂದಿತ್ತು. ಊರಿಗೆ ಊರೇ ಕಂಪ್ಯೂಟರ್ ಕಲಿಯುತ್ತಿತ್ತು. ಅಮೀರ್‌ಪೇಟೆಯ ನನ್ನ ಹಾಸ್ಟೆಲಿನಲ್ಲಿ ದನದ ಡಾಕ್ಟರಿಕೆ ಓದಿದವನು, ಸಂಸ್ಕೃತ ಎಂ.ಎ. ಮಾಡಿದವನು, ಬಾಯ್ಲರ್ ಬಗ್ಗೆ ಬಂಗಾರದ ಪದಕ ಗೆದ್ದವನು, ಎಲ್ಲರೂ ಒಂದೇ ಜಾವಾ ಪುಸ್ತಕದ ಜೆರಾಕ್ಸ್ ಪ್ರತಿಯನ್ನು ಎದೆಗವಚಿಕೊಂಡು ಓಡಾಡುತ್ತಿದ್ದರು. ಬಚ್ಚಲುಮನೆಯ ಸಾಲಿನಲ್ಲಿ ನಿಂತಾಗ ಯಾರಾದರೂ ನನ್ನ ಕೆಲಸದ ಬಗ್ಗೆ ಕೇಳಿದರೆ, ಕೋಠಿಯಲ್ಲಿ ಗುಮ್ಮಟ ರಿಪೇರಿ ಮಾಡುತ್ತೇನೆ ಅನ್ನುತ್ತಿದ್ದೆ. "ಯಾವ ಲ್ಯಾಂಗ್ವೇಜಿನಲ್ಲಿ?" ಎಂದು ಮೈಸೂರಿನ ನನ್ನ ರೂಮ್‌ಮೇಟ್ ಒಮ್ಮೆ ಗಂಭೀರವಾಗಿಯೇ ಕೇಳಿದ್ದ. ಸುಣ್ಣ ಮತ್ತು ಬೆಲ್ಲದಲ್ಲಿ ಎಂದು ನಾನು ನಿಜವನ್ನೇ ಹೇಳಿದೆ. ಅವನಿಗೆ ಸಿಟ್ಟು ಬಂತು.

ಕಟ್ಟಡ ಕೋಠಿಯ ನಟ್ಟನಡುವೆ ಇತ್ತು. ಕೆಳಗೆ ಔಷಧಿ ಅಂಗಡಿಗಳು, ಹಳೇ ಪುಸ್ತಕದ ರಾಶಿ, ಸೀರೆ ಅಂಗಡಿಯವರ ಕೂಗು, ಒಂದರ ಬಾಲಕ್ಕೆ ಇನ್ನೊಂದು ಮೂಗು ತಾಗಿಸಿಕೊಂಡು ನಿಲ್ಲುವ ಬಸ್ಸುಗಳು. ಅದು ಒಂದು ಕಾಲಕ್ಕೆ ಯಾರೋ ದೊಡ್ಡವರ ಹವೇಲಿಯಾಗಿತ್ತಂತೆ. ಯಾರದ್ದು ಅಂತ ಕೇಳಿದರೆ ಕಾವಲುಗಾರ ಒಂದು ಕಥೆ ಹೇಳುತ್ತಿದ್ದ, ಹೆಡ್ ಕ್ಲರ್ಕ್ ಇನ್ನೊಂದು. ಎರಡರಲ್ಲೂ ನರ್ತಕಿಯೊಬ್ಬಳು ಇದ್ದಳು, ಅದಷ್ಟೇ ಸಮಾನ ಅಂಶ. ಈಗ ಅಲ್ಲಿ ಒಂದು ಸರ್ಕಾರಿ ಕಚೇರಿ ತೂಕಡಿಸುತ್ತಿತ್ತು. ಅದನ್ನೇ ಕಂಪ್ಯೂಟರ್ ಕೌಂಟರುಗಳ ಸೇವಾ ಕೇಂದ್ರ ಮಾಡಬೇಕೆಂದು ಮೇಲಿನವರಿಗೆ ಹುಕಿ ಬಂದಿದ್ದರಿಂದ ನಮಗೆ ಕೆಲಸ ಸಿಕ್ಕಿತ್ತು.

ತಾರಸಿಯ ನಾಲ್ಕು ಮೂಲೆಗೆ ನಾಲ್ಕು ಪುಟ್ಟ ಗುಮ್ಮಟಗಳು, ಒಂದೊಂದೂ ಎಂಟೆಂಟು ಇಟ್ಟಿಗೆ ಕಂಬಗಳ ಮೇಲೆ. ಕಚೇರಿಯವರು ಅವನ್ನು ಚೆನ್ನಾಗಿ ಉಪಯೋಗಿಸಿಕೊಂಡಿದ್ದರು. ಒಂದರಲ್ಲಿ ಹಳೇ ಫೈಲು, ಒಂದರಲ್ಲಿ ಹೆಡ್ ಕ್ಲರ್ಕರ ಮಧ್ಯಾಹ್ನದ ನಿದ್ದೆ, ಒಂದರಲ್ಲಿ ಪಾರಿವಾಳ. ರಸ್ತೆಯ ಕಡೆಯ ನಾಲ್ಕನೆಯದರ ಸ್ಥಿತಿ ಯಾರೂ ಒಳಗೆ ಹೋಗಲು ಧೈರ್ಯ ಮಾಡದಷ್ಟು ಕೆಟ್ಟಿತ್ತು. ನೆತ್ತಿಯಲ್ಲಿ ಅರಳಿ ಗಿಡ, ಕಂಬಕ್ಕೆ ಕಟ್ಟಿದ ಕೇಬಲ್ ವೈರು, ಒಳಮೈಯಲ್ಲಿ ಅಂಗೈ ತೂರುವಷ್ಟು ಬಿರುಕು. ಗುಮ್ಮಟದ ಬುಡಕ್ಕೆ ಸುತ್ತಿದ್ದ ಕಬ್ಬಿಣದ ಪಟ್ಟಿ ತುಕ್ಕು ಹಿಡಿದು, ಉಬ್ಬಿ, ಇಟ್ಟಿಗೆಯನ್ನು ಒಡೆದು ಹಾಕಿತ್ತು. ಬಿರುಕು ಕಂಡಾಗಲೆಲ್ಲ ನನ್ನ ಹಿಂದಿನ ಇಂಜಿನಿಯರುಗಳು ಮೇಲೊಂದು ಕೋಟು ಸಿಮೆಂಟ್ ಮೆತ್ತಿ, ವರದಿ ಬರೆದು, ನಿವೃತ್ತರಾಗಿದ್ದರು. ಅವರನ್ನು ನಾನು ಮನಸಾರೆ ಬೈಯುತ್ತಿದ್ದೆ. ಆಮೇಲೆ ಬೈಯುವ ಹಕ್ಕು ಕಳೆದುಕೊಂಡೆ.

ಈ ಕೆಲಸಕ್ಕೆ ನಮ್ಮ ಸೇಟ್, ಅಂದರೆ ಕಂಟ್ರಾಕ್ಟರು, ವಿಜಯಪುರದಿಂದ ಒಬ್ಬ ಗಾರೆ ಮೇಸ್ತ್ರಿಯನ್ನು, ಆ ಕಡೆಯ ಮಾತಿನಲ್ಲಿ ಗೌಂಡಿಯನ್ನು, ಕರೆಸಿದ್ದರು. ಅರವತ್ತೈದು ದಾಟಿದ ಮನುಷ್ಯ, ಕಡ್ಡಿಯಂಥ ಕಾಲು, ದಾರ ಕಟ್ಟಿದ ದಪ್ಪ ಕನ್ನಡಕ. ಮೊದಲ ದಿನ ತಾರಸಿ ಹತ್ತಿ ನಾಲ್ಕೂ ಗುಮ್ಮಟಗಳನ್ನು ಸುತ್ತುಹಾಕಿ ಮೂಗು ಮುರಿದರು.

"ನಮ್ಮೂರಾಗ ಇರೋದಕ್ಕ ಗುಮ್ಮಟ ಅಂತಾರ್ರಿ ಸಾಹೇಬ್ರ. ಇವು ಟೋಪಿ."

"ಟೋಪಿ ರಿಪೇರಿ ಮಾಡಾಕ ಬರ್ತೈತಿಲ್ರಿ?" ಅಂದೆ.

"ಬರ್ತೈತಿ. ಆದ್ರ ಒಂದ್ ಮಾತು. ತೆಳಗಿನ ಆಸರಾ ತಗಿಯೂ ದಿನಾ ನಾ ಒಳಗ ಕುಂತು ಚಾ ಕುಡೀತೀನಿ. ನಮ್ಮಪ್ಪ ಹಂಗ ಕುಂತಾನ, ನಮ್ಮಜ್ಜ ಹಂಗ ಕುಂತಾನ. ಅದಕ್ಕ ಯಾರೂ ಅಡ್ಡ ಬರಬಾರದು."

ಗುಮ್ಮಟ ಕಟ್ಟುವಾಗ, ಒಡೆದದ್ದನ್ನು ಮತ್ತೆ ಜೋಡಿಸುವಾಗ, ಕೆಳಗಿನಿಂದ ಮರದ ಚೌಕಟ್ಟು ಕೊಟ್ಟು ಹೊತ್ತು ನಿಲ್ಲಿಸಿರುತ್ತಾರೆ. ಚೌಕಟ್ಟಿನ ಕಾಲಿಗೆ ಬೆಣೆ ಹೊಡೆದಿರುತ್ತಾರೆ. ಸುಣ್ಣದ ಗಾರೆ ಗಟ್ಟಿಯಾದ ಮೇಲೆ ಬೆಣೆಗಳನ್ನು ಒಂದೊಂದಾಗಿ ಬಡಿದು ಸಡಿಲಿಸಿದರೆ ಗುಮ್ಮಟ ತನ್ನ ಭಾರ ತಾನೇ ಹೊತ್ತುಕೊಳ್ಳುತ್ತದೆ, ಇಲ್ಲವೇ ಬೀಳುತ್ತದೆ. ಆ ಹೊತ್ತಿಗೆ ಸರಿಯಾಗಿ ಈ ಮುದುಕರು ಅದರ ಕೆಳಗೆ ಚಾಪೆ ಹಾಸಿಕೊಂಡು ಕೂರುತ್ತೇನೆ ಅನ್ನುತ್ತಿದ್ದರು.

"ಬಿದ್ರ ಏನ್ ಮಾಡ್ತೀರಿ?"

"ಬಿದ್ರ ಭಾಳ ಚಲೋ ಆತು. ಇನ್ನೊಮ್ಮೆ ಕಟ್ಟೂ ತ್ರಾಸ ಇಲ್ಲ."

ನಾನು ಕಾಲೇಜಿನಲ್ಲಿ ಸುರಕ್ಷತೆಯ ಪಾಠ ಓದಿ ಪಾಸಾದವನು. ಆಸರೆ ತೆಗೆಯುವಾಗ ಗುಮ್ಮಟದ ಕೆಳಗೆ ಯಾರೂ ಇರಕೂಡದು ಎಂದು ಸೈಟಿನ ರಿಜಿಸ್ಟರಿನಲ್ಲಿ ಇಂಗ್ಲಿಷಿನಲ್ಲಿ ಬರೆದು ಅವರ ಮುಂದಿಟ್ಟೆ. ಅವರು ಖುಷಿಯಿಂದ ಸಹಿ ಹಾಕಿದರು. ಯಾವ ಕಾಗದ ಕೊಟ್ಟರೂ ಅವರು ಖುಷಿಯಿಂದಲೇ ಸಹಿ ಹಾಕುತ್ತಿದ್ದರು, ಮಾಡುವುದನ್ನು ಮಾಡುತ್ತಿದ್ದರು.

ಮೊದಲು ಒಳಗೆ ಚೌಕಟ್ಟು ಕೊಟ್ಟು, ಹೊರಗೆ ಬಿದಿರಿನ ಅಟ್ಟಣೆ ಕಟ್ಟಿದೆವು. ಅರಳಿಯ ಬೇರು ಬಿಡಿಸಿ, ಹಳೇ ಸಿಮೆಂಟನ್ನೆಲ್ಲ ಕೆತ್ತಿ, ತುಕ್ಕಿನ ಪಟ್ಟಿ ತೆಗೆದು ತುಕ್ಕು ಹಿಡಿಯದ ಸ್ಟೀಲಿನದು ಸುತ್ತಿದೆವು. ಇನ್ನು ಗಾರೆ. ಗೌಂಡಿ ಹೇಳಿದ ಸಾಮಾನಿನ ಪಟ್ಟಿ ಕೇಳಿ ನನಗೆ ಇದು ಕಟ್ಟಡವೋ ಹಬ್ಬದ ಅಡುಗೆಯೋ ಅನ್ನಿಸಿತು. ವಾರಗಟ್ಟಲೆ ನೀರಿನಲ್ಲಿ ನೆನೆದ ಸುಣ್ಣ, ಮರಳು, ಇಟ್ಟಿಗೆ ಪುಡಿ, ಬೆಲ್ಲ, ಅಳಲೆಕಾಯಿ, ಹೊರಮೈಯ ಗಿಲಾವಿಗೆ ಮೊಟ್ಟೆಯ ಬಿಳಿ. ಕೋಠಿಯ ನಾಟಿ ಔಷಧಿ ಅಂಗಡಿಗೆ ಹೋಗಿ ಒಂದು ಮೂಟೆ ಅಳಲೆಕಾಯಿ ಕೊಡಿ ಅಂದಾಗ, ಅಂಗಡಿಯ ಹಿರಿಯರು ಕನ್ನಡಕ ತೆಗೆದು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಎಷ್ಟು ದಿನದಿಂದ ಹೊಟ್ಟೆ ಕಟ್ಟಿದೆ ಎಂದು ಮರುಕದಿಂದ ವಿಚಾರಿಸಿದರು. ಮೊಟ್ಟೆಯ ಕಥೆ ಇನ್ನೊಂದು. ನಮ್ಮ ಮನೆಯಲ್ಲಿ ಮೊಟ್ಟೆಯ ಹೆಸರು ಎತ್ತಿದರೂ ಬಾಯಿ ತೊಳೆದುಕೊಳ್ಳಬೇಕು. ನಾನು ಮೊದಲ ಸಲ ಮೊಟ್ಟೆ ಕೊಂಡದ್ದೇ ಹತ್ತು ಟ್ರೇ. ಬಿಳಿಯೆಲ್ಲ ಗಾರೆಗೆ ಹೋಯಿತು. ಹಳದಿಯಿಂದ ಕೂಲಿಯವರು ತಾರಸಿಯ ಮೇಲೆಯೇ ಆಮ್ಲೆಟ್ ಮಾಡಿದರು. ಅಲ್ಲಿಯವರೆಗೆ ಒಂದು ದಿನವೂ ಮೇಲೆ ಹತ್ತದ ಕಚೇರಿಯ ಸಿಬ್ಬಂದಿಗೆ ಆ ವಾರ ನಮ್ಮ ಕಾಮಗಾರಿಯನ್ನು ಪರಿಶೀಲಿಸುವ ಕಳಕಳಿ ಹುಟ್ಟಿತು.

ಎಲ್ಲ ಸರಿಯಾಗಿಯೇ ನಡೆದಿತ್ತು, ಮಳೆ ಹಿಡಿಯುವವರೆಗೆ. ಸುಣ್ಣ ಗಟ್ಟಿಯಾಗಲು ಗಾಳಿ ಬೇಕು, ದಿನ ಬೇಕು, ತಾಳ್ಮೆ ಬೇಕು. ಸತತ ಮಳೆಗೆ ರಸ್ತೆಯ ಕಡೆಯ ಎರಡು ಕಂಬಗಳ ತಲೆ, ಕಮಾನು ಬಂದು ಕೂರುವ ಜಾಗ, ಒಣಗಲೇ ಇಲ್ಲ. ಗೌಂಡಿ ಮೊಳೆಯಿಂದ ಗೀರಿ ನೋಡುತ್ತಿದ್ದರು. ಮೊಳೆ ಮೊಸರಿಗೆ ಹೋದಂತೆ ಒಳಗೆ ಹೋಗುತ್ತಿತ್ತು.

"ನಾವು ಕಾಯೂನು," ಅಂದರು. "ಸುಣ್ಣಕ್ಕ ನಮ್ಮ ಅವಸರ ತಿಳಿಯೂದಿಲ್ಲ."

ಸೇಟ್ ಅವರಿಗೆ ಅವಸರವಿತ್ತು. ಅವರದ್ದು ಮೂರು ತಲೆಮಾರಿನ ಹಿಂದೆ ಕಲಬುರಗಿಯಿಂದ ಬಂದು ನೆಲೆಸಿದ ಮನೆತನ. ಸಿಟ್ಟು ಬಂದರೆ ತೆಲುಗು, ಭಾಳ ಸಿಟ್ಟು ಬಂದರೆ ಹಿಂದಿ, ಕೆಲಸ ಆಗಬೇಕಿದ್ದರೆ ಮಾತ್ರ ಕನ್ನಡ.

"ನೋಡಪಾ, ಉದ್ಘಾಟನಾಕ್ಕ ಮಂತ್ರಿ ಬರಾಕತ್ತಾರ. ಅವರ ತಲಿ ಮ್ಯಾಲ ಬಿದಿರಿನ ಗಳ ನಿಂತಿದ್ರ ಹ್ಯಾಂಗ ಕಾಣ್ತೈತಿ? ಹತ್ತು ದಿನದಾಗ ಎಲ್ಲಾ ಸಾಫ್ ಆಗಬೇಕು. ನೀ ಇಂಜಿನಿಯರ್ ಅದಿ, ಏನಾರ ಮಾಡು."

ಅವಸರ ನನಗೂ ಇತ್ತು, ಅದನ್ನು ಮುಚ್ಚಿಟ್ಟರೆ ಸುಳ್ಳಾಗುತ್ತದೆ. ಹಾಸ್ಟೆಲಿನಲ್ಲಿ ಎಲ್ಲರೂ ಮಾಡುವುದನ್ನು ನಾನೂ ಕದ್ದು ಮಾಡುತ್ತಿದ್ದೆ. ಸಂಜೆ ಸುಣ್ಣದ ಕೈ ತೊಳೆದು ಜಾವಾ ಕ್ಲಾಸಿಗೆ ಹೋಗುತ್ತಿದ್ದೆ. ಒಂದು ಸಾಫ್ಟ್‌ವೇರ್ ಕಂಪನಿ ನನಗೂ ರೂಮ್‌ಮೇಟಿಗೂ ಒಂದೇ ದಿನ ಸಂದರ್ಶನಕ್ಕೆ ಕರೆದಿತ್ತು. ಅಷ್ಟರೊಳಗೆ ಈ ಟೋಪಿಯನ್ನು ತಲೆಯಿಂದ ಇಳಿಸಿಕೊಂಡು ಹೋಗಿಬಿಡಬೇಕು ಎಂದು ನನ್ನ ಲೆಕ್ಕಾಚಾರ.

ಅದೇ ಹೊತ್ತಿಗೆ ಗೌಂಡಿ ತಮ್ಮನ ಮಗಳ ಮದುವೆಗೆಂದು ನಾಲ್ಕು ದಿನ ಊರಿಗೆ ಹೊರಟರು. ಹೋಗುವಾಗ ನನ್ನನ್ನು ಕರೆದು, ಕಂಬದ ತಲೆಗಳ ಮೇಲೆ ತಾಡಪತ್ರಿ ಸರಿಯಾಗಿ ಮುಚ್ಚಬೇಕು, ಮಳೆ ಬಿಟ್ಟಾಗ ತೆಗೆಯಬೇಕು ಎಂದು ಎರಡೆರಡು ಸಲ ಹೇಳಿದರು. ತೊಟ್ಟಿಲಲ್ಲಿ ಕೂಸು ಬಿಟ್ಟು ಹೋಗುವವರ ಹಾಗೆ ಮೆಟ್ಟಿಲಿನಿಂದ ಇನ್ನೊಮ್ಮೆ ವಾಪಸ್ ಬಂದು ಮೂರನೇ ಸಲವೂ ಹೇಳಿದರು.

ಮಾರನೆಯ ದಿನ ನಾನು ಒಂದು ಚೀಲ ಸಿಮೆಂಟ್ ತರಿಸಿದೆ. ಎರಡೂ ಕಂಬದ ತಲೆಯಲ್ಲಿನ ಹಸಿ ಗಾರೆಯನ್ನು ಗೇಣುದ್ದ ಕೆರೆದು ತೆಗೆಸಿ, ಸಿಮೆಂಟ್ ತುಂಬಿಸಿ, ಕಾಣದಂತೆ ಮೇಲೊಂದು ತೆಳ್ಳನೆಯ ಸುಣ್ಣದ ಲೇಪ ಕೊಡಿಸಿದೆ. ಗಾರೆ ಕಲಸಲು ಇದ್ದವರು ಮಹಬೂಬ್‌ನಗರದ ಕಡೆಯ ಗಂಡ ಹೆಂಡತಿ. ಗಂಡ ಕರಣೆ ಹಿಡಿದುಕೊಂಡು ಅನುಮಾನಿಸಿದ. "ಸಾರ್, ಮೇಸ್ತ್ರಿಕಿ ತೆಲುಸಾ?" ಮೇಸ್ತ್ರಿಗೆ ಗೊತ್ತೇ ಎಂದು.

"ತೆಲುಸು," ಅಂದೆ. ತೆಲುಗಿನಲ್ಲಿ ನನಗೆ ಸಲೀಸಾಗಿ ಬರುತ್ತಿದ್ದದ್ದು ನಾಲ್ಕಾರು ಮಾತು. ಅದರಲ್ಲಿ ಒಂದನ್ನು ಸುಳ್ಳಿಗೆ ಬಳಸಿದೆ.

ಅದು ತಪ್ಪೆಂದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು, ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಸುಣ್ಣದ ಕಟ್ಟಡ ಭಾರ ಬಿದ್ದಾಗ ಕೂದಲೆಳೆಯಷ್ಟು ಕುಗ್ಗುತ್ತದೆ, ಹಿಗ್ಗುತ್ತದೆ, ಹೊಂದಿಕೊಳ್ಳುತ್ತದೆ. ನಡುವೆ ಸಿಮೆಂಟ್ ಇದ್ದರೆ ಅದೊಂದೇ ಸೆಟೆದು ನಿಲ್ಲುತ್ತದೆ. ಆಗ ಭಾರವೆಲ್ಲ ಅದರ ಮೇಲೆ ಬಂದು ಪಕ್ಕದ ಹಳೇ ಇಟ್ಟಿಗೆ ಪುಡಿಯಾಗುತ್ತದೆ. ಇಷ್ಟು ತಿಳಿದೂ ಮಾಡಿದೆ. ಎರಡೇ ಕಂಬ, ಎಂಟರಲ್ಲಿ ಎರಡು ತಾನೇ ಎಂದು ಸಮಾಧಾನ ಹೇಳಿಕೊಂಡೆ. ಮುದುಕರನ್ನು ಅವತ್ತು ಹೇಗಾದರೂ ಒಳಗೆ ಕೂರದಂತೆ ತಡೆದರಾಯಿತು ಅಂದುಕೊಂಡೆ. ಆ ದಿನ ಗಡದ್ದಾಗಿ ನಿದ್ದೆಯೂ ಬಂತು, ಪಾಪಿಗಳಿಗೆ ನಿದ್ದೆ ಬರುವುದಿಲ್ಲ ಅನ್ನುವುದೆಲ್ಲ ಬುರುಡೆ.

ಗೌಂಡಿ ಮದುವೆಯ ಬುಂದಿ ಉಂಡಿಯ ಪೊಟ್ಟಣ ಹಿಡಿದುಕೊಂಡು ವಾಪಸ್ಸಾದರು. ಪೊಟ್ಟಣ ನನ್ನ ಕೈಗಿತ್ತು ನೇರ ಮೇಲೆ ಹತ್ತಿ, ಕಂಬದ ತಲೆಗೆ ಮೊಳೆ ಇಟ್ಟು ಗೀರಿದರು. ಮೊಳೆ ಇಳಿಯಲಿಲ್ಲ. ಇನ್ನೊಂದು ಕಂಬಕ್ಕೆ ಹೋದರು. ಅಲ್ಲೂ ಇಳಿಯಲಿಲ್ಲ. ಅವರು ತಿರುಗಿ ನನ್ನನ್ನು ನೋಡಿದಾಗ ಸಿಕ್ಕಿಬಿದ್ದೆ ಅಂದುಕೊಂಡೆ. ಅವರ ಮುಖ ಅರಳಿತ್ತು.

"ಭಾಳ ಚಲೋ ನೋಡಿಕೊಂಡೀರಿ ಸಾಹೇಬ್ರ. ಇಂಥಾ ಮಳ್ಯಾಗ ಹಿಂಗ ಗಟ್ಟಿ ಆಗೈತಿ ಅಂದ್ರ ನೀವು ತಾಡಪತ್ರಿ ಮುಂದ ಕುಂತಿರಬೇಕು. ಇಷ್ಟು ಹಸಿ ಇದ್ದದ್ದ ಆರೈತಿ ಅಂದಮ್ಯಾಗ ಉಳಿದದ್ದೂ ಆರಿರತೈತಿ. ಗುರುವಾರ ಬೆಣೆ ಬಿಚ್ಚೂನು."

ಅಲ್ಲಿಗೆ ನನ್ನ ತಪ್ಪು ದುಪ್ಪಟ್ಟಾಯಿತು. ಎರಡು ಕಂಬದ ಸುಳ್ಳನ್ನು ನಂಬಿ ಅವರು ಇಡೀ ಗುಮ್ಮಟವೇ ಸಿದ್ಧ ಎಂದು ತೀರ್ಮಾನಿಸಿದ್ದರು. ನಾನು ಉಂಡಿ ಬಾಯಿಗೆ ಹಾಕಿಕೊಂಡೆ.

ಬುಧವಾರವೆಲ್ಲ ಅವರನ್ನು ಒಳಗೆ ಕೂರದಂತೆ ತಡೆಯಲು ಹೆಣಗಿದೆ. ರಿಜಿಸ್ಟರ್ ತೋರಿಸಿದೆ. ಸಹಿ ನಂದ ಐತಿ, ಖರೆ, ಅಂದರು. ಸೇಟ್ ಅವರಿಂದ ಹೇಳಿಸಿದೆ. ಸೇಟ್ ತೆಲುಗಿಗೆ ಇಳಿದು, ಆಮೇಲೆ ಹಿಂದಿಗೂ ಇಳಿದರು. ಅದಕ್ಕೂ ಗೌಂಡಿ ತಲೆಯಾಡಿಸಿದರು. ಕೊನೆಗೆ ನಾನು, ಚಹಾ ಹೊರಗೇ ಕುಡಿಯಬಹುದಲ್ಲ ಅಂದೆ.

"ನಾ ಕಟ್ಟಿದ್ದರ ತೆಳಗ ನಾನ ಕುಂದರಲಿಲ್ಲಂದ್ರ, ರಸ್ತೆ ಮ್ಯಾಲ ಹೋಗೂ ಮಂದಿ ಯಾಕ ಅದರ ತೆಳಗ ಹಾದು ಹೋಗಬೇಕ್ರಿ?" ಅಂದರು.

ಗುರುವಾರ ಬೆಳಿಗ್ಗೆ ಮಳೆ ಇರಲಿಲ್ಲ. ಗೌಂಡಿ ಒಗೆದ ಅಂಗಿ ಹಾಕಿಕೊಂಡು ಬಂದರು. ಚೌಕಟ್ಟಿನ ಕಾಲುಗಳ ನಡುವೆ ನುಸುಳಿ ಚಾಪೆ ಹಾಸಿ ಕೂತರು. ಎದುರಿನ ಇರಾನಿ ಹೋಟೆಲಿನಿಂದ ಚಹಾ ಬಂತು. ಮಹಬೂಬ್‌ನಗರದವನು ಸುತ್ತಿಗೆ ಎತ್ತಿದ. ಅವರು ಬಸಿಯಲ್ಲಿ ಚಹಾ ಬಗ್ಗಿಸಿಕೊಂಡು "ಹೊಡಿ" ಅಂದರು.

ನಾನು ಕೂಗಿದೆ. ಏನು ಕೂಗಿದೆನೋ, ಯಾವ ಭಾಷೆಯಲ್ಲೋ ತಿಳಿಯದು. ಸುತ್ತಿಗೆ ಗಾಳಿಯಲ್ಲೇ ನಿಂತಿತು. ಚೌಕಟ್ಟಿನೊಳಗೆ ಮಂಡಿಯೂರಿ ನುಸುಳಿ ಅವರ ಮುಂದೆ ಎಲ್ಲವನ್ನೂ ಹೇಳಿದೆ. ಸಿಮೆಂಟ್, ಸುಣ್ಣದ ಲೇಪ, ಸಂದರ್ಶನ, ಕೂಲಿಯವನಿಗೆ ಹೇಳಿದ ಸುಳ್ಳು, ಒಂದನ್ನೂ ಬಿಡಲಿಲ್ಲ.

ಅವರು ಬೈಯಲಿಲ್ಲ. ಬಸಿ ಕೆಳಗಿಟ್ಟು ಹೊರಗೆ ಬಂದು, ಏಣಿ ಹತ್ತಿ, ಕಂಬದ ತಲೆಗೆ ಮೊಳೆ ಇಟ್ಟು ಈ ಸಲ ಜೋರಾಗಿ ಒತ್ತಿದರು. ಸುಣ್ಣದ ಲೇಪ ಹಕ್ಕಳೆಯಂತೆ ಉದುರಿ ಕೆಳಗಿನ ಸಿಮೆಂಟಿನ ಬೂದು ಬಣ್ಣ ಕಂಡಿತು.

"ಐವತ್ತು ವರ್ಷ ಆತು ಸುಣ್ಣಾ ಹಿಡಿದು," ಅಂದರು. "ಇದನ್ನ ನನ್ನ ಸುಣ್ಣಾ ಅಂತ ತಿಳಕೊಂಡ್ನಲ್ರಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ತಪ್ಪು ಕಣ್ಣಿನದ್ದು ಎಂಬಂತೆ. ನನ್ನ ಜೀವಮಾನದಲ್ಲಿ ಅಷ್ಟು ನಾಚಿಕೆ ನನಗೆ ಮತ್ತೆಂದೂ ಆಗಿಲ್ಲ.

ಕೆಳಗಿಳಿದು ಬಂದವರೇ ಉಳಿ ಮತ್ತು ಸಣ್ಣ ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟರು. "ಯಾರು ಹಾಕ್ಯಾರ ಅವರ ತಗೀಬೇಕು. ಇಟ್ಟಂಗಿಗೆ ಪೆಟ್ಟು ಬೀಳಬಾರದು."

ಸಿಮೆಂಟ್ ಹಾಕಲು ಒಂದು ಮಧ್ಯಾಹ್ನ ಸಾಕಾಗಿತ್ತು, ತೆಗೆಯಲು ಆರು ದಿನ ಹಿಡಿಯಿತು. ಅಂಗೈಯ ಬೊಬ್ಬೆ ಒಡೆದು ಅದಕ್ಕೆ ಸುಣ್ಣ ತಾಗಿ ದೇವರು ಕಂಡ. ಸಂದರ್ಶನದ ದಿನ ನಾನು ಏಣಿಯ ಮೇಲೆ ಕೂತು ಕುಟ್ಟುತ್ತಿದ್ದೆ. ರೂಮ್‌ಮೇಟ್ ಒಬ್ಬನೇ ಹೋದ, ಅವನಿಗೆ ಕೆಲಸವೂ ಸಿಕ್ಕಿತು. ಕೆಲವು ವರ್ಷದ ಮೇಲೆ ಮಿಯಾಪುರದಲ್ಲಿ ಫ್ಲ್ಯಾಟ್ ಕೊಂಡು ಗೃಹಪ್ರವೇಶಕ್ಕೆ ಕರೆದಾಗ, ಬಚ್ಚಲುಮನೆಯಲ್ಲಿ ಟೈಲ್ಸ್ ಬಿರುಕು ಬಿಟ್ಟಿದೆ, ನೀನು ಇಂಥದ್ದೆಲ್ಲ ನೋಡುತ್ತೀಯಲ್ಲ ಎಂದು ನನ್ನನ್ನು ನೇರ ಅಲ್ಲಿಗೇ ಕರೆದುಕೊಂಡು ಹೋದ.

ಉದ್ಘಾಟನೆಯ ದಿನ ಆಸರೆ ಹಾಗೇ ಇತ್ತು. ಸೇಟ್ ಮೂರೂ ಭಾಷೆಯಲ್ಲಿ ನನ್ನ ಜನ್ಮ ಜಾಲಾಡಿ, ಕೊನೆಗೆ ಶಾಮಿಯಾನದವರಿಂದ ಬಣ್ಣದ ಬಟ್ಟೆ ತರಿಸಿ ಬಿದಿರಿಗೆಲ್ಲ ಸುತ್ತಿಸಿದರು. ಗುಮ್ಮಟ ಮದುಮಗನ ಕುದುರೆಯಂತೆ ಕಾಣುತ್ತಿತ್ತು. ಮಂತ್ರಿಗಳು ಬಂದರು, ಕಂಪ್ಯೂಟರಿನ ಗುಂಡಿ ಒತ್ತಿದರು, ಕರೆಂಟ್ ಹೋಯಿತು, ಚಪ್ಪಾಳೆ ಬಿತ್ತು, ಹೋದರು. ಬಂದಾಗಿನಿಂದ ಹೋಗುವವರೆಗೆ ಒಮ್ಮೆಯೂ ತಲೆ ಎತ್ತಿ ಮೇಲೆ ನೋಡಲಿಲ್ಲ.

ಗೌಂಡಿ ಎರಡೂ ಕಂಬದ ತಲೆಗೆ ಹೊಸದಾಗಿ ಗಾರೆ ತುಂಬಿದರು. ಮಳೆ ಕಳೆದು ಬಿಸಿಲು ಬಿತ್ತು. ಈಗ ದಿನಾ ಗೀರಿ ನೋಡುವ ಮೊಳೆಯನ್ನು ನನ್ನ ಕೈಗೇ ಕೊಡುತ್ತಿದ್ದರು. ನಾನು ಗೀರಿ ಹೇಳಿದ್ದನ್ನು ಕೇಳಿಕೊಂಡು, ಆಮೇಲೆ ತಾವೂ ಒಮ್ಮೆ ಗೀರುತ್ತಿದ್ದರು. ಅದು ನನಗೆ ಚುಚ್ಚುತ್ತಿತ್ತು, ಆದರೆ ಯಾವ ಮುಖ ಹೊತ್ತು ಬೇಜಾರು ಮಾಡಿಕೊಳ್ಳಲಿ? ಮಾತು ಮಾತ್ರ ಕಡಿಮೆಯಾಗಿತ್ತು. ಟೋಪಿ ಎಂದು ತಮಾಷೆ ಮಾಡುವುದನ್ನೂ ಬಿಟ್ಟಿದ್ದರು. ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಇವತ್ತು ಬಿಚ್ಚೋಣ ಅಂದರು.

ನಾನು ಹಿಂದಿನ ದಿನವೇ ನಿರ್ಧರಿಸಿಬಿಟ್ಟಿದ್ದೆ. ಒಗೆದ ಅಂಗಿ ಹಾಕಿಕೊಂಡು ಹೋಗಿದ್ದೆ. ಅವರು ಚಾಪೆ ಹಾಸುವಾಗ ನಾನೂ ಚಪ್ಪಲಿ ಬಿಟ್ಟು, "ನಾನೂ ನಿಮ್ಮ ಜೋಡಿ ಕುಂದರತೀನ್ರಿ," ಅಂದೆ. ನನ್ನ ಮನಸ್ಸಿನಲ್ಲಿ ಅದು ದೊಡ್ಡ ತ್ಯಾಗವಾಗಿತ್ತು. ಅವರ ಕಣ್ಣಲ್ಲಿ ನೀರು ಬರಬಹುದೆಂದೂ ಎಣಿಸಿದ್ದೆ.

"ಬ್ಯಾಡ್ರಿ," ಅಂದರು. "ಕುಂದರೂದು ಸಲೀಸು ಐತಿ. ನೀವು ಬೆಣೆ ಹೊಡೀರಿ."

ಮಹಬೂಬ್‌ನಗರದವನ ಕೈಯಿಂದ ಸುತ್ತಿಗೆ ತೆಗೆದು ನನಗೆ ಕೊಟ್ಟರು. ಒಳಗೆ ಹೋಗಿ ಕಾಲು ಮಡಚಿ ಕೂತು ಬಸಿಗೆ ಚಹಾ ಬಗ್ಗಿಸಿದರು.

ಮೊದಲ ಬೆಣೆಗೆ ನಾನು ಕೊಟ್ಟ ಪೆಟ್ಟು ಮಗುವಿನ ಬೆನ್ನು ತಟ್ಟಿದಂತಿತ್ತು. ಬೆಣೆ ಜಗ್ಗಲಿಲ್ಲ. "ಲಗೂ ಹೊಡೀರಿ ಸಾಹೇಬ್ರ, ಚಾ ಆರಾಕತ್ತೈತಿ," ಅಂದರು ಒಳಗಿನಿಂದ. ಎರಡನೇ ಪೆಟ್ಟಿಗೆ ಬೆಣೆ ಸರಿಯಿತು. ಮರ ಕಿರ್ ಅಂದಿತು. ನಾನು ಗುಮ್ಮಟ ನೋಡಲಿಲ್ಲ, ಅವರ ನೆತ್ತಿಯನ್ನೇ ನೋಡುತ್ತಿದ್ದೆ. ಬಿಳಿ ಕೂದಲ ನಡುವೆ ಹಳೇ ಗಾಯದ ಗುರುತೊಂದು ಇತ್ತು, ಅಷ್ಟು ದಿನ ಜೊತೆಗಿದ್ದೂ ನಾನು ಅದನ್ನು ಕಂಡಿರಲಿಲ್ಲ. ಮೂರನೆಯದು, ನಾಲ್ಕನೆಯದು. ಐದನೆಯದಕ್ಕೆ ಮೇಲಿನಿಂದ ಚಿಟಿಕೆ ಸುಣ್ಣದ ಪುಡಿ ಉದುರಿ ಅವರ ಹೆಗಲ ಮೇಲೆ ಬಿತ್ತು. ನನ್ನ ಕೈ ನಿಂತುಹೋಯಿತು. ಆಗಲ್ರಿ, ನನ್ನ ಕಡೆಯಿಂದ ಆಗಲ್ರಿ ಅಂದೆ. ಅವರು ಹೆಗಲು ಝಾಡಿಸಿಕೊಂಡು, ಕೂಲಿಯವನ ಹೆಂಡತಿಯನ್ನು ಕರೆದು, ಹೋಟೆಲಿನವನು ಸಕ್ಕರೆ ಕಡಿಮೆ ಹಾಕಿದ್ದಾನೆ ಎಂದು ದೂರಿದರು. ಉಳಿದ ಮೂರನ್ನು ನಾನು ಹೇಗೆ ಹೊಡೆದೆನೋ ನನಗೆ ನೆನಪಿಲ್ಲ.

ಎಂಟನೆಯದು ಬಿಚ್ಚಿದಾಗ ಚೌಕಟ್ಟು ಎರಡು ಬೆರಳಿನಷ್ಟು ಕೆಳಗಿಳಿಯಿತು. ಗುಮ್ಮಟಕ್ಕೂ ಅದಕ್ಕೂ ನಡುವೆ ಸಂದು ಬಿತ್ತು, ಆ ಸಂದಿನಲ್ಲಿ ಆಚೆಯ ಬೆಳಕು ಕಂಡಿತು. ಗುಮ್ಮಟ ಅಲುಗಲಿಲ್ಲ. ಕೆಳಗೆ ಬಸ್ಸೊಂದು ಒಂದೇ ಸಮನೆ ಹಾರ್ನ್ ಹಾಕುತ್ತಿತ್ತು.

ಅವರು ಬಸಿಯ ಚಹಾವನ್ನು ಪೂರ್ತಿ ಕುಡಿದು, ಕಪ್ಪಿನಲ್ಲಿ ಉಳಿದದ್ದನ್ನೂ ಬಗ್ಗಿಸಿಕೊಂಡು ಕುಡಿದು, ಚಾಪೆ ಸುತ್ತಿ ಎದ್ದು ಹೊರಗೆ ಬಂದರು. ನಾನು ಅಳುತ್ತಿದ್ದೆ. ಎಲ್ಲರ ಎದುರಿಗೇ, ಮೂಗು ಸೋರಿಸಿಕೊಂಡು. ಅವರು ಸುತ್ತಿಗೆಗೆ ಕೈ ಚಾಚಿದರು. ಕೊಡಲು ಹೋದರೆ ನನ್ನ ಬೆರಳುಗಳು ಬಿಚ್ಚಿಕೊಳ್ಳಲಿಲ್ಲ, ಹಿಡಿಗೆ ಕಚ್ಚಿಕೊಂಡುಬಿಟ್ಟಿದ್ದವು. ಅವರು ನನ್ನ ಕೈಯನ್ನು ತಮ್ಮ ಕೈಯೊಳಗೆ ತೆಗೆದುಕೊಂಡು, ಒಂದೊಂದೇ ಬೆರಳನ್ನು ಬಿಡಿಸಿದರು.